ಉಪಕರಣ ಮತ್ತು ಉಪಾಧ್ಯಾಯ

ಮಕ್ಕಳ ಕಲಿಕೆಯಲ್ಲಿ ಯಂತ್ರಕ್ಕೆ ಎಷ್ಟು ಸ್ಥಾನ ಕೊಡಬೇಕು ಎಂಬ ಪ್ರಶ್ನೆ ಈಗ ಮನೆಮನೆಯಲ್ಲೂ ಎದ್ದಿದೆ. ಮೊಬೈಲನ್ನು ಕಂಡರೆ ಸಿಡಿಮಿಡಿಗೊಳ್ಳುವ ಹಿರಿಯರಿದ್ದಾರೆ. ಸಕಲ ವಿದ್ಯೆಯೂ ಅದರಲ್ಲೇ ಅಡಗಿದೆಯೆಂದು ನಂಬಿದ ತಂದೆತಾಯಿಗಳೂ ಇದ್ದಾರೆ. ಮೂರು ದಶಕಗಳ ಕಾಲ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದ ನನಗೆ ಈ ಎರಡು ಪಕ್ಷಗಳಲ್ಲಿ ಯಾವುದನ್ನೂ ಪೂರ್ತಿಯಾಗಿ ಸೇರಲು ಮನಸ್ಸು ಒಪ್ಪದು.

ರೇಡಿಯೋದ ಮುಂದೆ ಕುಳಿತು ಯಂತ್ರವನ್ನು ಹಳಿಯುವುದಂತೂ ಶೋಭಿಸುವ ಮಾತಲ್ಲ. ಮೈಸೂರಿನಲ್ಲಿ ಬಾನುಲಿ ಪ್ರಸಾರ ಆರಂಭವಾದದ್ದೇ ಒಬ್ಬ ಅಧ್ಯಾಪಕರ ಮನೆಯಲ್ಲಿ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಮಾಡತೊಡಗಿದರು. ‘ಆಕಾಶವಾಣಿ’ ಎಂಬುದು ಆ ಪುಟ್ಟ ನಿಲಯದ ಹೆಸರಾಗಿತ್ತು. ನಾಲ್ಕು ಗೋಡೆಗಳ ನಡುವಿನ ಮಾತು ಗೋಡೆ ದಾಟಿದರೆ ವಿದ್ಯೆಗೆ ನಷ್ಟವಿಲ್ಲ ಎಂಬುದನ್ನು ಅವರು ಅಂದೇ ಅರಿತಿದ್ದರು.

ಮುಂದೆ ದೂರದರ್ಶನದ ಸರದಿ ಬಂದಿತು. 1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಪ್ರಯೋಗ ಮೊದಲಾಯಿತು. ಅಮೆರಿಕದಿಂದ ಒಂದು ವರ್ಷದ ಮಟ್ಟಿಗೆ ಎರವಲು ದೊರೆತ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದವು. ನಮ್ಮ ರಾಜ್ಯದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಆ ಭಾಗ್ಯ ಒದಗಿತು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರವರಿಗೆ. ಊರಿಗೆಲ್ಲ ಒಂದೇ ಪೆಟ್ಟಿಗೆಯಾದ್ದರಿಂದ, ನೋಡಿದ್ದು ಅರ್ಥವಾಗದಿದ್ದರೆ ಕೇಳಲು ಪಕ್ಕದಲ್ಲಿ ಒಬ್ಬರಾದರೂ ಇರುತ್ತಿದ್ದರು.

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿದಾಗ ಈ ‘ಪಕ್ಕದವರ’ ಬೆಲೆ ತಿಳಿಯಿತು. ಚಂದನ ವಾಹಿನಿಯಲ್ಲಿ ಪಾಠಗಳು ಬಂದವು, ಮೊಬೈಲಿನಲ್ಲೂ ಬಂದವು. ಆದರೆ ಮನೆಯ ಒಂದೇ ಮೊಬೈಲು ಅಪ್ಪನ ಜೇಬಿನಲ್ಲಿ ಕೂಲಿಗೆ ಹೋದರೆ ಮಗು ಏನು ಮಾಡಬೇಕು? ಅದೇ ವರ್ಷ ‘ವಿದ್ಯಾಗಮ’ ಯೋಜನೆಯಲ್ಲಿ ಉಪಾಧ್ಯಾಯರೇ ಹಳ್ಳಿಗಳಿಗೆ ಹೋಗಿ ಗುಡಿಯ ಜಗಲಿಯಲ್ಲಿ, ಮರದ ನೆರಳಿನಲ್ಲಿ ಪಾಠ ಮಾಡಿದರು. ಪಾಠವನ್ನು ಮನೆಗೆ ತಲುಪಿಸಬಹುದು. ಅದು ಮಗುವಿನ ಮನಸ್ಸಿಗೆ ತಲುಪಿತೇ ಎಂದು ನೋಡಲು ಮಗುವಿನ ಮುಖ ಬಲ್ಲವರು ಬೇಕು.

ಇಷ್ಟಾದರೂ ರೇಡಿಯೋ ಆಗಲಿ ದೂರದರ್ಶನವಾಗಲಿ ಪಾಠವನ್ನು ತಂದಿತೇ ಹೊರತು ಮಗುವಿನ ಪರವಾಗಿ ಉತ್ತರ ಬರೆಯಲಿಲ್ಲ. ಕೇಳಿದ ಕೂಡಲೇ ಪ್ರಬಂಧವನ್ನೇ ಬರೆದುಕೊಡುವ ಯಂತ್ರ ಈಗ ಬಂದಿದೆ. ಹಿಂದಿನವುಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ.

ನಿವೃತ್ತನಾದ ಮೇಲೂ ನಾನು ಸಂಜೆಯ ಹೊತ್ತು ನಮ್ಮೂರ ಮಕ್ಕಳಿಗೆ ಪಾಠ ಹೇಳುವುದುಂಟು. ಈಚೆಗೆ ಒಂಬತ್ತನೆಯ ತರಗತಿಯ ಮಕ್ಕಳಿಗೆ ‘ನಮ್ಮೂರು’ ಎಂಬ ಪ್ರಬಂಧ ಬರೆಯಲು ಹೇಳಿದೆ. ಒಬ್ಬ ಹುಡುಗನ ಬರಹದಲ್ಲಿ ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಊರ ಪಕ್ಕದಲ್ಲಿ ಹೊಳೆ ಜುಳುಜುಳನೆ ಹರಿಯುತ್ತಿತ್ತು. ನಮ್ಮೂರಿಗೆ ಹೊಳೆಯೇ ಇಲ್ಲ. ಇರುವುದು ಒಂದು ಕೆರೆ. “ಈ ಹೊಳೆ ಎಲ್ಲಿದೆಯಪ್ಪಾ?” ಎಂದೆ. “ಮೊಬೈಲ್ ಬರೆದುಕೊಟ್ಟಿತು ಸಾರ್” ಎಂದ, ನಿಷ್ಕಪಟವಾಗಿ. ಒಬ್ಬಳು ಹುಡುಗಿ ಹತ್ತಾರು ತಪ್ಪುಗಳೊಡನೆ ಬರೆದದ್ದು ಆ ಕೆರೆಯನ್ನೇ ಕುರಿತು: ನೀರಗಂಟಿ ತೂಬು ಎತ್ತುವುದು, ಯಾರ ಗದ್ದೆಗೆ ಮೊದಲು ನೀರು ಎಂಬ ಜಗಳ. ಅದನ್ನು ಗಟ್ಟಿಯಾಗಿ ಓದಿಸಿದೆ. ಆ ಹುಡುಗ ನಡುವೆಯೇ ಎದ್ದು, “ಹಾಗಲ್ಲ ಸಾರ್, ನೀರು ಮೊದಲು ಹೋಗುವುದು ಕೆಳಗಿನ ಬಯಲಿಗೆ” ಎಂದವನು ಕಾಲುವೆ ಕಾಲುವೆಯನ್ನೂ ವಿವರಿಸಿದ. ಅಷ್ಟೆಲ್ಲ ಅವನಿಗೆ ಗೊತ್ತಿತ್ತು. “ಇದನ್ನೇ ಬರೆ” ಎಂದೆ. ಬರೆದ, ಮರುದಿನ ತಪ್ಪುಗಳನ್ನು ಮೊಬೈಲಿನಲ್ಲೇ ತಿದ್ದಿಕೊಂಡು ಬಂದ. ನನ್ನ ಆಕ್ಷೇಪವೇನೂ ಇರಲಿಲ್ಲ.

ನಿತ್ಯಜೀವನದಲ್ಲೂ ಈ ವಿವೇಕವೇ ಬೇಕು. ನಮ್ಮ ಬೀದಿಯ ಸೊಪ್ಪಿನಾಕೆಗೆ ಹಣ ಬಂದೊಡನೆ ಪುಟ್ಟ ಪೆಟ್ಟಿಗೆಯೊಂದು ಕೂಗಿ ಹೇಳುತ್ತದೆ. ಓದು ಬಾರದ ಆಕೆಗೆ ಅದು ದೊಡ್ಡ ಆಸರೆ; ಆದರೆ ಲೆಕ್ಕವನ್ನು ಆಕೆ ಇಂದಿಗೂ ಮನಸ್ಸಿನಲ್ಲೇ ಹಾಕುತ್ತಾಳೆ. ಆದಕಾರಣವೇ ಆ ಪೆಟ್ಟಿಗೆ ಆಕೆಯ ಆಳು, ಒಡೆಯನಲ್ಲ.

ಆದ್ದರಿಂದ ತಂದೆತಾಯಿಗಳಲ್ಲಿ ನನ್ನ ವಿನಂತಿ ಇಷ್ಟೇ. ಮೊಬೈಲನ್ನು ಕಿತ್ತುಕೊಳ್ಳಬೇಡಿ. ಮಗು ಮೊದಲು ತಾನೇ ಬರೆಯಲಿ, ಆಮೇಲೆ ಅದನ್ನು ಕೇಳಲಿ. ಕೇಳಿ ಮುಗಿದ ಮೇಲೆ, “ಏನು ತಿಳಿಯಿತು, ನನಗೂ ಸ್ವಲ್ಪ ಹೇಳು” ಎಂದು ಪಕ್ಕದಲ್ಲಿ ಕುಳಿತುಕೊಳ್ಳಿ. ನೀವು ಓದಿದವರಾಗಿರಬೇಕೆಂದೇನೂ ಇಲ್ಲ. ಕೇಳುವ ತಾಳ್ಮೆಯಿದ್ದರೆ ಸಾಕು.