ಪೀಪಿಯೊಳಗಿನ ಅಕ್ಷರ



ಇಂಡಿಯಲ್ಲಿ ನಿಂಬೆಹಣ್ಣಿನ ವ್ಯಾಪಾರ ಮಾಡುವ ಗೆಳೆಯರೊಬ್ಬರು ಮೊದಲ ಸಲ ಜಾಝ್ ಕೇಳಿದಾಗ ನನ್ನನ್ನು ಕೇಳಿದ್ದು ಇಷ್ಟೇ: ‘ಸರ, ಇವರು ಇನ್ನಾ ಶ್ರುತಿ ಹಚ್ಚಾಕ ಹತ್ಯಾರೋ, ಹಾಡು ಸುರು ಆಗೇತೋ?’

ನಾವು ನಾಲ್ಕು ಮಂದಿ. ಅವರು ಇಂಡಿ, ನಾನು ಸಿಂದಗಿ. ಮುದ್ದೇಬಿಹಾಳದವರು ಭಜನಿ ಮೇಳದಲ್ಲಿ ತಬಲಾ ಬಾರಿಸುತ್ತಾರೆ, ಬಸವನ ಬಾಗೇವಾಡಿಯವರು ಹಾರ್ಮೋನಿಯಂ ಹಿಡಿದು ವಚನ ಹಾಡುತ್ತಾರೆ. ಯಾರಿಗೆ ಯಾವ ಆಲ್ಬಮ್ ಹಿಡಿಸಿತೋ ಅದನ್ನು ಉಳಿದವರಿಗೆ ಫೋನಿನಲ್ಲಿ ಕಳಿಸುವುದು, ಊಟವಾದ ಮೇಲೆ ಅದರ ಮೇಲೆ ಜಗಳಾಡುವುದು ನಮ್ಮ ಚಟ. ಮೊದಲೆಲ್ಲ ಹಿಂದುಸ್ತಾನಿ ಗಾಯಕರಾದ ಮನ್ಸೂರರು, ಬಸವರಾಜ ರಾಜಗುರುಗಳು, ಭೀಮಸೇನರು, ಇಷ್ಟರಲ್ಲೇ ನಮ್ಮ ಜಗಳ ಮುಗಿಯುತ್ತಿತ್ತು. ಅದರೊಳಗೆ ಜಾಝ್ ಹೊಕ್ಕಿದ್ದು ಸ್ಯಾಕ್ಸೊಫೋನ್ ವಾದಕ ಕದ್ರಿ ಗೋಪಾಲನಾಥರ ದೆಸೆಯಿಂದ.

ದಕ್ಷಿಣ ಕನ್ನಡದ ನಾಗಸ್ವರದ ಮನೆತನದ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ ಕಥೆ ನಿಮಗೂ ಗೊತ್ತಿದ್ದೀತು. ಅವರ ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’ ಎಂಬ ಆಲ್ಬಮ್ ಅಮೆರಿಕದಲ್ಲಿ ಇಬ್ಬರು ಅಣ್ಣ–ತಮ್ಮಂದಿರ ನಡುವೆ ಚೇಷ್ಟೆಯ ಉಡುಗೊರೆಯಾಗಿ ಕೈ ಬದಲಿಸಿತು. ಇಸಕೊಂಡವರು ರುದ್ರೇಶ ಮಹಾಂತಪ್ಪ. ಹೆಸರು ಕೇಳಿದರೆ ನಮ್ಮ ಮುದ್ದೇಬಿಹಾಳದ ಪೇಟೆಯಲ್ಲಿ ಅಂಗಡಿ ಇಟ್ಟವರೇನೋ ಅನಿಸುತ್ತದೆ. ಆದರೆ ಭಾರತದಿಂದ ಹೋದ ತಂದೆತಾಯಿಗೆ ಇಟಲಿಯಲ್ಲಿ ಹುಟ್ಟಿ, ಅಮೆರಿಕದ ಕೊಲರಾಡೊದಲ್ಲಿ ಬೆಳೆದು, ಜಾಝ್ ಸ್ಯಾಕ್ಸೊಫೋನ್ ಕಲಿತವರು ಅವರು. ನಗಲಿಕ್ಕೆ ಕೊಟ್ಟ ಆಲ್ಬಮ್ ಅವರೊಳಗೆ ನಟ್ಟುಬಿಟ್ಟಿತು. ಮುಂದೆ ಅವರು ಗೋಪಾಲನಾಥರನ್ನೇ ಹುಡುಕಿಕೊಂಡು ಬಂದರು. ಇಬ್ಬರೂ ಕೂಡಿ ನುಡಿಸಿದ ‘ಕಿನ್ಸ್‌ಮೆನ್’ 2008ರಲ್ಲಿ ಹೊರಬಂತು. ಬಳಗದವರು ಎಂದು ಅದರ ಅರ್ಥ.

ಅದರಲ್ಲಿ ‘ಗಣೇಶ’ ಎಂಬುದೊಂದು ಕೃತಿ ಇದೆ. ಎರಡೂ ಒಂದೇ ಜಾತಿಯ ವಾದ್ಯ, ಆದರೂ ಕಣ್ಣು ಮುಚ್ಚಿ ಗುರುತು ಹಿಡಿಯಬಹುದು. ಗೋಪಾಲನಾಥರು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿ ಹೋಗುತ್ತಾರೆ, ಗಮಕ ಬಿಟ್ಟು ಅವರು ಉಸಿರೇ ಆಡುವುದಿಲ್ಲ. ಮಹಾಂತಪ್ಪನವರ ಸ್ವರ ಕಟುವಾದದ್ದು, ಮೂಲೆ ಮೂಲೆಗೆ ಚುಚ್ಚುವಂಥದ್ದು. ಇಂಡಿಯ ಗೆಳೆಯರಿಗೆ ಜಾಝ್ ಬಗೆಹರಿದದ್ದು ಇಲ್ಲೇ. ‘ಇದು ಹರದೇಶಿ–ನಾಗೇಶಿ ಐತಲ್ರಿ!’ ಅಂದರು. ನನಗೆ ಹೊಳೆಯದಿದ್ದದ್ದು ಅವರಿಗೆ ಹೊಳೆದಿತ್ತು. ಲಾವಣಿಯಲ್ಲಿ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳತನಕ ಸವಾಲ್–ಜವಾಬ್ ನಡೆಯುತ್ತದಲ್ಲ, ಅಲ್ಲಿ ಎದುರಿನವರು ಎಲ್ಲಿ ಬಿಟ್ಟರೋ ಅಲ್ಲಿಂದಲೇ ಎತ್ತಿಕೊಳ್ಳಬೇಕು. ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದ ಜವಾಬು ಅಲ್ಲಿ ನಡೆಯುವುದಿಲ್ಲ. ಜಾಝ್‌ನವರೂ ನಾಲ್ಕು ನಾಲ್ಕು ಆವರ್ತನ ಹಂಚಿಕೊಂಡು ಹೀಗೇ ಕೆಣಕುತ್ತಾರೆ.

ಮುದ್ದೇಬಿಹಾಳದವರು ಮಾತ್ರ ಒಪ್ಪಲಿಲ್ಲ. ‘ತಾಳ ಕೈಗೆ ಸಿಗವಲ್ದು’ ಎಂಬುದು ಅವರ ತಕರಾರು. ಅವರಿಗಾಗಿ 1983ರ ‘ಜ್ಯೋತಿ’ ಕಳಿಸಿದೆ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನವರು, ಅಂದರೆ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಮತ್ತು ಸಂಗಡಿಗರು, ಚಾರ್ಲಿ ಮರಿಯಾನೊ ಎಂಬ ಅಮೆರಿಕದ ಸ್ಯಾಕ್ಸೊಫೋನ್ ವಾದಕರ ಜೊತೆ ಮಾಡಿದ ಆಲ್ಬಮ್ ಅದು. ಮೃದಂಗ, ಘಟ, ಖಂಜಿರ ಕೇಳಿದ್ದೇ ತಡ, ಅವರ ಬೆರಳು ತೊಡೆಯ ಮೇಲೆ ಆಡಹತ್ತಿದವಂತೆ. ಫೋನಿನಲ್ಲಿ ತಮ್ಮ ಸೋಲನ್ನು ಮಾತ್ರ ಇನ್ನೂ ಒಪ್ಪಿಕೊಂಡಿಲ್ಲ.

ಇನ್ನು ಬಾಗೇವಾಡಿಯವರ ಮಾತು. ಅವರಿಗೆ ನಾನು ಕಳಿಸಿದ್ದು ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಎ ಲವ್ ಸುಪ್ರೀಮ್’. 1964ರ ಡಿಸೆಂಬರ್ 9ರಂದು ಧ್ವನಿಮುದ್ರಿಸಿದ, ನಾಲ್ಕು ಭಾಗದ ಕೃತಿ. ಮೊದಲ ಭಾಗದಲ್ಲಿ ತಂತಿಯ ದೊಡ್ಡ ಬಾಸ್ ವಾದ್ಯದಲ್ಲಿ ನಾಲ್ಕೇ ಸ್ವರದ ಒಂದು ಪಲುಕು ಬರುತ್ತದೆ, ಭಜನಿಯ ಪಲ್ಲವಿಯ ಹಾಗೆ ತಿರುಗಿ ತಿರುಗಿ. ನಡುವಿನ ಭಾಗಗಳಲ್ಲಿ ಪಿಯಾನೊ, ಡ್ರಮ್‌ನವರು ಹರಿಹಾಯುತ್ತಾರೆ. ಕೊನೆಯ ಭಾಗದಲ್ಲಿ ಎಲ್ಲ ನಿಧಾನವಾಗುತ್ತದೆ. ತಾಳದ ಹಂಗಿಲ್ಲ. ಸ್ಯಾಕ್ಸೊಫೋನ್ ಒಂದೊಂದೇ ಸಾಲು ನುಡಿದು, ನಿಂತು, ಮತ್ತೆ ನುಡಿಯುತ್ತದೆ. ಇದರ ಹಿಂದಿನ ಗುಟ್ಟನ್ನು ನಾನು ಬೇಕಂತಲೇ ಹೇಳಿರಲಿಲ್ಲ.

ರಾತ್ರಿ ಹತ್ತೂವರೆಗೆ ಫೋನ್ ಬಂತು. ‘ಸರ, ಈ ಮನಷ್ಯಾ ಏನೋ ಅನ್ನಾಕ ಹತ್ಯಾನ್ರಿ. ಇದು ಬರೇ ರಾಗ ಅಲ್ಲ, ಇದರಾಗ ಅಕ್ಷರ ಅದಾವ.’

ನನ್ನ ಮೈ ಜುಂ ಎಂದಿತು. ನಿಜಕ್ಕೂ ಅದರಲ್ಲಿ ಅಕ್ಷರ ಇವೆ! ಕೋಲ್ಟ್ರೇನ್ ದೇವರಿಗೆ ಬರೆದ ಒಂದು ಪ್ರಾರ್ಥನೆ ಆ ಆಲ್ಬಮ್ಮಿನ ಹೊದಿಕೆಯಲ್ಲಿ ಅಚ್ಚಾಗಿದೆ. ಕೊನೆಯ ಭಾಗದಲ್ಲಿ ಅವರು ಅದನ್ನೇ, ಬಾಯಿಂದ ಒಂದು ಮಾತೂ ಆಡದೆ, ವಾದ್ಯದಲ್ಲಿ ಪದಪದವಾಗಿ ಊದಿದ್ದಾರೆ. ಹೊದಿಕೆಯನ್ನು ಎದುರಿಗಿಟ್ಟುಕೊಂಡು ಬೆರಳಿಟ್ಟು ಓದುತ್ತ ಹೋದರೆ ಉಸಿರಿಗೆ ಉಸಿರು ಕೂಡುತ್ತದೆ. ಬಾಗೇವಾಡಿಯವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಹೊದಿಕೆಯನ್ನೂ ಅವರು ನೋಡಿರಲಿಲ್ಲ. ಮೂವತ್ತು ವರ್ಷ ವಚನ ಹಾಡಿದ ಕಿವಿ, ಮಾತು ಎಲ್ಲಿ ತುಂಡಾಗುತ್ತದೆ, ರಾಗ ಎಲ್ಲಿ ಅದಕ್ಕೆ ದಾರಿ ಬಿಡುತ್ತದೆ ಎಂಬುದನ್ನು ತಾನೇ ಹಿಡಿದಿತ್ತು. ಛಂದಸ್ಸಿನ ಕಟ್ಟಿಲ್ಲದ ವಚನವನ್ನು ರಾಗಕ್ಕೆ ಹಾಕುವವರಿಗೆ ದಿನವೂ ಇದೇ ಕೆಲಸ ತಾನೆ?

ಮರುದಿನದಿಂದ ಅವರಿಗೊಂದು ಹುಚ್ಚು ಹತ್ತಿದೆ. ಒಂದು ವಚನವನ್ನು ಹಾಡದೆ, ಬರೀ ಹಾರ್ಮೋನಿಯಂನಲ್ಲಿ ನುಡಿಸಿ ನಮಗೆ ಕಳಿಸುತ್ತಾರೆ. ಯಾವ ವಚನ ಅಂತ ನಾವು ಹೇಳಬೇಕು. ಮೊದಲನೆಯದನ್ನು ಇಂಡಿಯವರು ಹಿಡಿದರು. ಎರಡನೆಯದಕ್ಕೆ ನಾನು ಬಸವಣ್ಣನವರದು ಅಂದೆ, ಅಕ್ಕನದಾಗಿತ್ತು. ಮೂರನೆಯದು ನಿನ್ನೆ ರಾತ್ರಿ ಬಂದಿದೆ, ನಾಲ್ಕು ಸಲ ಕೇಳಿದೆ, ಇನ್ನೂ ಸಿಕ್ಕಿಲ್ಲ.