ಎರಡು ಹನಿ ಸಾರು, ಹತ್ತು ಮುಖದ ದಾಳ

ಸಾರು ಕುದಿಯುವಾಗ ಅಮ್ಮ ಏನು ಮಾಡುತ್ತಾರೆ, ನೋಡಿದ್ದೀರಾ? ಉಪ್ಪು ಹಾಕುತ್ತಾರೆ. ಸೌಟನ್ನು ತಳದವರೆಗೆ ಇಳಿಸಿ ಚೆನ್ನಾಗಿ ತಿರುವುತ್ತಾರೆ. ಆಮೇಲೆ ಎರಡು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿ, "ಹ್ಞೂಂ, ಸರಿಯಾಗಿದೆ" ಅನ್ನುತ್ತಾರೆ. ಪಾತ್ರೆ ತುಂಬ ಇರುವ ಸಾರಿನ ಗುಟ್ಟನ್ನು ಎರಡೇ ಹನಿ ಹೇಳಿಬಿಟ್ಟವು!

ಈ ಎರಡು ಹನಿಯನ್ನು ನೆನಪಿನಲ್ಲಿಟ್ಟುಕೊಂಡು ಇವತ್ತು ದೂರದ ಒಂದು ಜಾಗಕ್ಕೆ ಹೋಗಿಬರೋಣ, ಬನ್ನಿ. ಅದು ಅಮೆರಿಕದ ಕೊಲರಾಡೊ ರಾಜ್ಯ. ನಮ್ಮಲ್ಲಿ ಜಿಲ್ಲೆಗಳಿರುವ ಹಾಗೆ ಅಲ್ಲಿ 64 ಕೌಂಟಿಗಳಿವೆ. ಊರಿನ ಶಾಲೆಗಳ ಮಂಡಳಿಗೆ ಯಾರು ಬರಬೇಕು ಎಂಬಂಥ ವಿಷಯಗಳಿಗೆ ನವೆಂಬರಿನಲ್ಲಿ ಮತದಾನ ನಡೆಯುತ್ತದೆ. ಅದರ ಹೊಣೆ ಕೌಂಟಿಯ ಕಚೇರಿಯದು. ಅಲ್ಲಿನ ಮುಖ್ಯ ಅಧಿಕಾರಿಗೆ ಕೌಂಟಿ ಕ್ಲರ್ಕ್ ಎಂದು ಹೆಸರು.

ಚುನಾವಣೆಯ ತಯಾರಿ ತುಂಬ ಮೊದಲೇ ಶುರುವಾಗುತ್ತದೆ. ಅಂಗಡಿಯ ತಕ್ಕಡಿ ಸರಿಯಿದೆಯೇ ಎಂದು ತಿಳಿಯಲು ಏನು ಮಾಡುತ್ತೀರಿ? ಒಂದು ಕಿಲೋ ಎಂದು ನಮಗೆ ಮೊದಲೇ ಗೊತ್ತಿರುವ ಬಟ್ಟನ್ನು ಇಟ್ಟು ನೋಡಬೇಕು, ಅಲ್ಲವೇ? ಮತ ಎಣಿಸುವ ಯಂತ್ರಕ್ಕೂ ಅದೇ ಪರೀಕ್ಷೆ. ಯಾರಿಗೆ ಎಷ್ಟು ಮತ ಎಂದು ಮೊದಲೇ ಎಣಿಸಿಟ್ಟ ಕಾಗದಗಳನ್ನು ಯಂತ್ರಕ್ಕೆ ಕೊಡುತ್ತಾರೆ. ಬೇರೆ ಬೇರೆ ಪಕ್ಷದವರು ಪಕ್ಕದಲ್ಲೇ ನಿಂತಿರುತ್ತಾರೆ. ಎರಡೂ ಲೆಕ್ಕ ತಾಳೆಯಾಗಬೇಕು.

ಕೊಲರಾಡೊದಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ಮನೆಯವರು ಊಟದ ಮೇಜಿನ ಮುಂದೆ ಕುಳಿತು, ತಮಗೆ ಬೇಕಾದವರ ಹೆಸರಿನ ಪಕ್ಕದ ಪುಟ್ಟ ಮೊಟ್ಟೆಯಾಕಾರಕ್ಕೆ ಪೆನ್ನಿನಿಂದ ಶಾಯಿ ತುಂಬುತ್ತಾರೆ. ಕಾಗದವನ್ನು ಲಕೋಟೆಗೆ ಸೇರಿಸಿ, ಲಕೋಟೆಯ ಮೇಲೆ ಸಹಿ ಹಾಕುತ್ತಾರೆ. ಅದನ್ನು ಅಂಚೆಗೆ ಹಾಕಬಹುದು, ಇಲ್ಲವೇ ಊರಿನಲ್ಲಿಟ್ಟಿರುವ ಗಟ್ಟಿ ಪೆಟ್ಟಿಗೆಗೆ ತಂದು ಹಾಕಬಹುದು.

ಅಂಕಪಟ್ಟಿಯ ಮೇಲಿರುವುದು ಅಪ್ಪನ ಸಹಿಯೇ ಹೌದೋ ಎಂದು ಮೇಷ್ಟ್ರು ಕಣ್ಣು ಕಿರಿದು ಮಾಡಿ ನೋಡುತ್ತಾರಲ್ಲ? ಕೌಂಟಿಯಲ್ಲೂ ಹಾಗೆಯೇ. ಲಕೋಟೆಯ ಸಹಿಯನ್ನು ಹಳೆಯ ಸಹಿಯೊಡನೆ ಹೋಲಿಸುತ್ತಾರೆ. ಸರಿಯಿದ್ದರೆ ಕಾಗದವನ್ನು ಲಕೋಟೆಯಿಂದ ಬೇರೆ ಮಾಡುತ್ತಾರೆ. ಆಮೇಲೆ ಆ ಮತ ಯಾರದೆಂದು ಯಾರಿಗೂ ಗೊತ್ತಾಗುವುದಿಲ್ಲ.

ಯಂತ್ರ ಸರಸರನೆ ಎಣಿಸಿ ಮುಗಿಸುತ್ತದೆ. ಕಾಗದಗಳನ್ನು ಕಟ್ಟು ಕಟ್ಟಿ, ಪೆಟ್ಟಿಗೆಯಲ್ಲಿಟ್ಟು, ಮುದ್ರೆ ಹಾಕುತ್ತಾರೆ. ಈಗ ದೊಡ್ಡ ಪ್ರಶ್ನೆ: ಯಂತ್ರ ಎಣಿಸಿದ್ದು ಸರಿಯೇ? ಎಲ್ಲವನ್ನೂ ಕೈಯಿಂದ ಮತ್ತೆ ಎಣಿಸೋಣವೆಂದರೆ ದೊಡ್ಡ ಕೌಂಟಿಯಲ್ಲಿ ಲಕ್ಷಗಟ್ಟಲೆ ಕಾಗದಗಳಿರುತ್ತವೆ. ಇಲ್ಲೇ ನಮ್ಮ ಎರಡು ಹನಿ ಕೆಲಸಕ್ಕೆ ಬರುವುದು. ಕೆಲವೇ ಕಾಗದಗಳನ್ನು ತೆಗೆದು ನೋಡಿದರೆ ಸಾಕು!

ಆದರೆ ಅಮ್ಮ ಮೊದಲು ಸೌಟಿನಿಂದ ತಿರುವಿದ್ದು ನೆನಪಿದೆಯೇ? ತಿರುವದಿದ್ದರೆ ಉಪ್ಪೆಲ್ಲ ತಳದಲ್ಲೇ ಕುಳಿತು, ಮೇಲಿನ ಹನಿ ಸಪ್ಪೆಯಾಗಿರುತ್ತಿತ್ತು. ಮತಪತ್ರಗಳನ್ನು ಸೌಟಿನಿಂದ ತಿರುವಲು ಬರುವುದಿಲ್ಲ. ಯಾರಾದರೂ ತಮಗೆ ತೋಚಿದ್ದನ್ನು ಎತ್ತಿಕೊಂಡರೆ, ಕೈಗೆ ಸುಲಭವಾಗಿ ಸಿಗುವ ಮೇಲಿನ ಕಟ್ಟನ್ನೇ ಎತ್ತಿಯಾರು. ಯಾವುದನ್ನು ನೋಡುತ್ತಾರೆಂದು ಯಾರಿಗೂ ಮೊದಲೇ ತಿಳಿಯಬಾರದು. ಹಾಗಾದರೆ ಸೌಟು ಯಾವುದು?

ದಾಳ! ಹೌದು, ಆಟದ ದಾಳವೇ. ಚೌಕಾಬಾರದಲ್ಲಿ ಕವಡೆ ಹಾಕುವಾಗ ಎಷ್ಟು ಬೇಡಿಕೊಂಡರೂ ಬೇಕಾದ ಗರ ಬೀಳುವುದಿಲ್ಲ, ಅಲ್ಲವೇ? ಆ ಹಟಮಾರಿತನವೇ ಇಲ್ಲಿ ಬೇಕಾಗಿರುವುದು. ಇವರ ದಾಳಕ್ಕೆ ಹತ್ತು ಮುಖ, 0ಯಿಂದ 9ರವರೆಗೆ. ಎಲ್ಲರ ಮುಂದೆ ಅದನ್ನು ಉರುಳಿಸಿ, ಬಿದ್ದದ್ದನ್ನು ಸಾಲಾಗಿ ಬರೆಯುತ್ತಾರೆ. ಹೀಗೆ 20 ಅಂಕಿಗಳ ಉದ್ದನೆಯ ಸಂಖ್ಯೆಯೊಂದು ಹುಟ್ಟುತ್ತದೆ.

ಅದಕ್ಕೆ 'ಬೀಜ' ಎಂದೇ ಹೆಸರು. ಅವರೆ ಬೀಜ ಬಿತ್ತಿದರೆ ಯಾರ ಹಿತ್ತಿಲಲ್ಲೂ ಅವರೆ ಗಿಡವೇ ತಾನೇ ಬರುವುದು? ಈ ಬೀಜವನ್ನು ಕಂಪ್ಯೂಟರಿಗೆ ಕೊಟ್ಟರೆ ಒಂದು ಪಟ್ಟಿ ಮೊಳೆಯುತ್ತದೆ: ಮೂರನೇ ಪೆಟ್ಟಿಗೆ, ಹದಿನೇಳನೇ ಕಟ್ಟು, ನಲವತ್ತೆರಡನೇ ಕಾಗದ, ಹೀಗೆ. ಅದೇ ಬೀಜದಿಂದ ಅದೇ ಲೆಕ್ಕ ಮಾಡಿದರೆ ಯಾರಿಗಾದರೂ ಅದೇ ಪಟ್ಟಿ ಸಿಗುತ್ತದೆ. ಮೋಸಕ್ಕೆ ಜಾಗವೆಲ್ಲಿ?

ಈಗ ಹತ್ತಿರ ಹೋಗಿ ನೋಡೋಣ. ಬೇರೆ ಬೇರೆ ಪಕ್ಷದ ಇಬ್ಬರು ಪೆಟ್ಟಿಗೆಯ ಮುದ್ರೆ ಬಿಡಿಸುತ್ತಾರೆ. ಕಟ್ಟನ್ನು ಹುಡುಕಿ ಒಂದು, ಎರಡು, ಮೂರು ಎಂದು ಎಣಿಸುತ್ತಾ ನಲವತ್ತೆರಡನೇ ಕಾಗದವನ್ನು ಮೆಲ್ಲಗೆ ಎಳೆದು ತೆಗೆಯುತ್ತಾರೆ. ಶಾಯಿ ಯಾವ ಹೆಸರಿನ ಪಕ್ಕದಲ್ಲಿದೆ ಎಂದು ಇಬ್ಬರೂ ನೋಡಿ ದಾಖಲಿಸುತ್ತಾರೆ. ಯಂತ್ರ ಅದೇ ಕಾಗದವನ್ನು ಹೇಗೆ ಓದಿತ್ತು ಎಂಬುದನ್ನು ಆಮೇಲೆ ಪಕ್ಕದಲ್ಲಿಟ್ಟು ಹೋಲಿಸುತ್ತಾರೆ.

ಎಷ್ಟು ಕಾಗದ ನೋಡಬೇಕು? ಗೆದ್ದವರು ಸೋತವರಿಗಿಂತ ನೂರಕ್ಕೆ 10 ಮತ ಮುಂದಿದ್ದು, ನೋಡಿದ್ದೆಲ್ಲ ತಾಳೆಯಾದರೆ, ಸುಮಾರು 50 ಸಾಕು. ನೂರಕ್ಕೆ 1 ಮತ ಮಾತ್ರ ಮುಂದಿದ್ದರೆ ಸುಮಾರು 500 ಬೇಕು. ಪೈಪೋಟಿ ಹೆಚ್ಚಿದಷ್ಟೂ ಹುಷಾರು ಹೆಚ್ಚಬೇಕು.

ಇನ್ನೊಂದು ಬೆರಗು ಕೇಳಿ. ಒಟ್ಟು ಮತ ಹತ್ತು ಸಾವಿರವಿರಲಿ, ಹತ್ತು ಲಕ್ಷವಿರಲಿ, ಈ 50 ಹೆಚ್ಚುಕಡಿಮೆ 50 ಆಗಿಯೇ ಉಳಿಯುತ್ತದೆ! ಮನೆಯ ಪಾತ್ರೆಗೂ ಎರಡೇ ಹನಿ, ಮದುವೆಮನೆಯ ಕೊಪ್ಪರಿಗೆಗೂ ಎರಡೇ ಹನಿ. ಅಡುಗೆ ಭಟ್ಟರು ರುಚಿ ನೋಡಲು ಬಕೆಟ್ಟುಗಟ್ಟಲೆ ಕುಡಿಯುತ್ತಾರೆಯೇ? ಚೆನ್ನಾಗಿ ತಿರುವಿರಬೇಕು, ಅಷ್ಟೇ.

ಹೋಲಿಸಿದಾಗ ತಪ್ಪುಗಳು ಸಿಕ್ಕರೆ ಇನ್ನಷ್ಟು ಕಾಗದ ತೆಗೆಯುತ್ತಾರೆ. ಅನುಮಾನ ತೀರದಿದ್ದರೆ ಕೊನೆಗೆ ಎಲ್ಲವನ್ನೂ ಕೈಯಿಂದಲೇ ಎಣಿಸುತ್ತಾರೆ. ಈ ಉಪಾಯಕ್ಕೆ ಲೆಕ್ಕದ ಬುನಾದಿ ಹಾಕಿದವರು ಫಿಲಿಪ್ ಸ್ಟಾರ್ಕ್ ಎಂಬ ಸಂಖ್ಯಾಶಾಸ್ತ್ರಜ್ಞರು. 2017ರ ನವೆಂಬರಿನಲ್ಲಿ ಇದನ್ನು ರಾಜ್ಯದ ಉದ್ದಗಲಕ್ಕೂ ಮಾಡಿ ತೋರಿಸಿದ ಅಮೆರಿಕದ ಮೊದಲ ರಾಜ್ಯ ಕೊಲರಾಡೊ.

ನಮ್ಮಲ್ಲೂ ಇದರ ಸೋದರಸಂಬಂಧಿಯೊಂದು ಇದೆ. ವಿಧಾನಸಭೆಯ ಚುನಾವಣೆಯಲ್ಲಿ ಪ್ರತಿ ಕ್ಷೇತ್ರಕ್ಕೆ 5 ಮತಗಟ್ಟೆಗಳನ್ನು ಚೀಟಿ ಎತ್ತಿ ಆರಿಸುತ್ತಾರೆ. ಪ್ರತಿ ಮತ ಯಾರಿಗೆ ಬಿತ್ತೆಂದು ಅಲ್ಲಿ ಮುದ್ರಣವಾಗಿರುವ ವಿವಿಪ್ಯಾಟ್ ಚೀಟಿಗಳನ್ನು ಕೈಯಿಂದ ಎಣಿಸಿ, ಯಂತ್ರದ ಲೆಕ್ಕದೊಡನೆ ತಾಳೆ ನೋಡುತ್ತಾರೆ.

ಈಗ ನಿಮ್ಮ ಸರದಿ. ಒಂದು ಡಬ್ಬಿಗೆ 60 ಒಣ ಬಟಾಣಿ ಹಾಕಿ. ಅದರ ಮೇಲೆ 40 ಕಡಲೆಕಾಳು ಸುರಿಯಿರಿ. ತಿರುವದೆ ಮೇಲಿಂದ ಹತ್ತು ಕಾಳು ತೆಗೆಯಿರಿ. ಅಯ್ಯೋ, ಕಡಲೆಯೇ ಗೆದ್ದುಬಿಟ್ಟಿತಲ್ಲ! ಅವನ್ನು ವಾಪಸು ಹಾಕಿ, ಮುಚ್ಚಳ ಮುಚ್ಚಿ, ಚೆನ್ನಾಗಿ ಕುಲುಕಿ. ಕಣ್ಣು ಮುಚ್ಚಿ ಮೊದಲು ಹತ್ತು ತೆಗೆಯಿರಿ, ಆಮೇಲೆ ಐವತ್ತು. ಬಟಾಣಿ ಎಷ್ಟು ಬಂತೆಂದು ಪ್ರತಿ ಸಲವೂ ಬರೆದಿಡಿ. ಮುಗಿದ ಮೇಲೆ ಡಬ್ಬಿಯನ್ನು ಅಮ್ಮನಿಗೆ ಕೊಡಿ. ನಾಳೆಯ ಉಸಲಿಗಾಗುತ್ತದೆ. ಉಪ್ಪು ನೋಡುವ ಕೆಲಸ ಮಾತ್ರ ನೀವೇ ಕೇಳಿ ಇಸಿದುಕೊಳ್ಳಿ.