ತಿಪ್ಪೆಗುಂಡಿಯಲ್ಲಿ ಪ್ಲಾಸ್ಟಿಕ್ಕಿನ ಗತಿ
(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ರಾಯದುರ್ಗ, ಮಡಕಶಿರೆಗಳ ಈ ಸೀಮೆಯಲ್ಲಿ ಮಳೆ ಕಡಮೆ. ನಮ್ಮ ಕೆಂಪು ನೆಲಕ್ಕೆ ಗೊಬ್ಬರವೇ ಆಧಾರ. ಆ ಗೊಬ್ಬರದ ತಿಪ್ಪೆಗೆ ಈಗ ಪ್ಲಾಸ್ಟಿಕ್ ಚೀಲಗಳೂ ಬಂದು ಸೇರುತ್ತಿವೆ. ಅವುಗಳ ಗತಿಯನ್ನು ಕುರಿತು ಎರಡು ಮಾತುಗಳನ್ನಾಡಲು ಅಪ್ಪಣೆ ಬೇಡುತ್ತೇನೆ.

ಕಡಲೆಕಾಯಿಯ ಸಿಪ್ಪೆ, ಸೆಗಣಿ, ರಾಗಿಹುಲ್ಲುಗಳು ಕೊಳೆತು ಗೊಬ್ಬರವಾಗುವುದು ಸೂಕ್ಷ್ಮಜೀವಿಗಳ ದುಡಿಮೆಯಿಂದ. ಇದನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದ ಹಿರಿಮೆ ನೆರೆಯ ಬೆಂಗಳೂರಿಗೂ ಸಲ್ಲುತ್ತದೆ. 1939ರಲ್ಲಿ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ಎನ್. ಆಚಾರ್ಯರು ರೂಪಿಸಿದ ವಿಧಾನಕ್ಕೆ ಇಂದಿಗೂ ‘ಬೆಂಗಳೂರು ಪದ್ಧತಿ’ ಎಂದೇ ಹೆಸರು.

ಆದರೆ ಪಾಲಿಥೀನ್ ಎಂಬುದು ಇಂಗಾಲದ ಪರಮಾಣುಗಳ ಅತಿ ದೀರ್ಘವಾದ ಸರಪಣಿ. ಅದನ್ನು ಕತ್ತರಿಸುವುದು ತಿಪ್ಪೆಯ ಜೀವಿಗಳಿಗೆ ಅಳವಲ್ಲ. ಬಿಸಿಲಿಗೆ ಅದು ಪೆಡಸಾಗಿ ಚೂರುಚೂರಾಗುತ್ತದೆ. ಜನರು ಇದನ್ನೇ ಕರಗಿತೆಂದು ಭ್ರಮಿಸುತ್ತಾರೆ. ಚೂರುಗಳು ಗೊಬ್ಬರದೊಡನೆ ಹೊಲವನ್ನು ಸೇರಿ ಅಲ್ಲಿಯೇ ನಿಲ್ಲುತ್ತವೆ. ಕಡಲೆಗಿಡದ ಹೂವಿನ ಬುಡದಿಂದ ಹೊರಟ ಎಳೆಯು ಮಣ್ಣನ್ನು ಹೊಕ್ಕ ಮೇಲಲ್ಲವೆ ಕಾಯಾಗುವುದು? ಆ ಮಣ್ಣಿನಲ್ಲಿ ಏನಿದೆಯೆಂಬ ಚಿಂತೆ ಇತರರಿಗಿಂತ ನಮಗೆ ಹೆಚ್ಚಾಗಿರಬೇಕು.

2022ರ ಡಿಸೆಂಬರ್ 31ರಿಂದ 120 ಮೈಕ್ರಾನಿಗಿಂತ ತೆಳುವಾದ ಪ್ಲಾಸ್ಟಿಕ್ ಕೈಚೀಲಗಳು ದೇಶದಲ್ಲಿ ನಿಷಿದ್ಧ. ‘ಗೊಬ್ಬರವಾಗುವ’ ಪ್ಲಾಸ್ಟಿಕ್ಕಿಗೆ ದಪ್ಪದ ಕಟ್ಟಳೆಯಿಲ್ಲ. ಪ್ರಮಾಣಪತ್ರವೂ ಮುದ್ರೆಯೂ ಇರಬೇಕು. ಆ ಮುದ್ರೆಯನ್ನು ನಂಬಿ ಚೀಲವನ್ನು ತಿಪ್ಪೆಗೆಸೆಯುವ ಮೊದಲು ಒಂದು ಸಂಗತಿಯನ್ನು ತಿಳಿಯಬೇಕು. ಇಂಥ ಪದಾರ್ಥಗಳಲ್ಲೊಂದು ಪಾಲಿಲ್ಯಾಕ್ಟಿಕ್ ಆಮ್ಲ. ಮುಸುಕಿನ ಜೋಳ ಮೊದಲಾದವುಗಳ ಸಕ್ಕರೆಯನ್ನು ಹುಳಿಯಿಸಿ, ನಮ್ಮ ಮೊಸರಿನಲ್ಲಿರುವ ಆಮ್ಲವನ್ನೇ ಪಡೆದು, ಸರಪಣಿಯಾಗಿ ಜೋಡಿಸುತ್ತಾರೆ. (ಮಜ್ಜಿಗೆಯ ನಂಟನಾದ ಪ್ಲಾಸ್ಟಿಕ್ಕು!) ತೇವವೂ ಶಾಖವೂ ಕೂಡಿದಾಗ ಮೊದಲು ನೀರು ಅದನ್ನು ತುಂಡರಿಸುತ್ತದೆ, ಆಮೇಲೆ ಜೀವಿಗಳು ತಿನ್ನುತ್ತವೆ. ಇದು ಬೇಗ ನಡೆಯಬೇಕಾದರೆ ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖವು ಬಹುದಿನ ನಿಲ್ಲಬೇಕು. 180 ದಿನಗಳೊಳಗೆ ಇಂಗಾಲದ ನೂರಕ್ಕೆ 90 ಪಾಲು ಅಂಗಾರಾಮ್ಲ ವಾಯುವಾಗಬೇಕೆಂಬ ನಿಯಮವೂ ಅಂಥ ಶಾಖದಲ್ಲಿ ನಡೆಸುವ ಪರೀಕ್ಷೆಯದೇ. ಗೊಬ್ಬರದ ಕಾರ್ಖಾನೆಯ ದೊಡ್ಡ ರಾಶಿಯಲ್ಲಿ ಅದು ಸಾಧ್ಯ. ನಮ್ಮ ಹಿತ್ತಿಲ ತಿಪ್ಪೆಯಾದರೋ ಕೆಲವು ದಿನ ಕಾದು, ಆರಿ, ಒಣಗಿಬಿಡುತ್ತದೆ. ಆ ಚೀಲವು ತಿಂಗಳುಗಟ್ಟಲೆ ಹಾಗೆಯೇ ಉಳಿಯಬಹುದು.

ವಿದ್ಯಾರ್ಥಿಗಳೆ, ಇದನ್ನು ನನ್ನ ಮಾತಿನ ಮೇಲೆಯೇ ಒಪ್ಪಬೇಡಿ. ಬರುವ ಜೂನ್ ತಿಂಗಳಿನಲ್ಲಿ ಶಾಲೆಯ ಗೊಬ್ಬರಗುಂಡಿಯಲ್ಲಿ ಪಾಲಿಥೀನ್ ಚೂರೊಂದನ್ನೂ, ಮುದ್ರೆಯುಳ್ಳ ಚೀಲದ ಚೂರೊಂದನ್ನೂ, ಮುತ್ತುಗದ ಎಲೆಯೊಂದನ್ನೂ ಬೇರೆಬೇರೆ ಬಲೆಗಳಲ್ಲಿ ಕಟ್ಟಿ ಹೂಳೋಣ. ವಾರಕ್ಕೊಮ್ಮೆ ಶಾಖವನ್ನು ಅಳೆದು ಬರೆದಿಡಿ. ಸಂಕ್ರಾಂತಿಯ ಹೊತ್ತಿಗೆ ಮೂರನ್ನೂ ತೆಗೆದು ತೂಗೋಣ. ಪೋಷಕರೂ ಅಂದು ದಯಮಾಡಿಸಬೇಕು.